ಮೊದಲು ಆ್ಯನಾ, ಆಮೇಲೆ ಕ್ರಿಶ್ಚಿಯನ್: ಫಿಫ್ಟಿ ಷೇಡ್ಸ್ ಸರಣಿಯನ್ನು ನಾನು ಓದಿದ ಬಗೆ

ಫಿಫ್ಟಿ ಷೇಡ್ಸ್ ಎಂಬ ಶೃಂಗಾರ ಕಾದಂಬರಿಗಳ ಸರಣಿಯನ್ನು ನಾನು ಶುರು ಮಾಡಿದ್ದು ‘ಗ್ರೇ’ ಪುಸ್ತಕದಿಂದ. ಒಂದೇ ಪದದ ಹೆಸರು ನೋಡಿ ಇದೇ ಮೊದಲನೆಯದಿರಬೇಕು ಎಂದುಕೊಂಡೆ. ಪುಸ್ತಕ ತೆರೆದರೆ ನೆಲದ ಮೇಲೆ ಆಟಿಕೆ ಕಾರು ಓಡಿಸುವ ಪುಟ್ಟ ಹುಡುಗನ ಕನಸು. ಆ ಹುಡುಗನೇ ಬೆಳೆದು ಸಿಯಾಟಲ್‌ನ ಶ್ರೀಮಂತ ಉದ್ಯಮಿ ಕ್ರಿಶ್ಚಿಯನ್ ಗ್ರೇ ಆಗಿದ್ದಾನೆ. ಅವನ ದುಃಸ್ವಪ್ನಗಳು, ಮೈ ಮುಟ್ಟಿಸಿಕೊಳ್ಳಲಾಗದ ಅವನ ಭಯ ಎಲ್ಲವೂ ಅವನ ಬಾಯಿಂದಲೇ ಬರುತ್ತವೆ. ನೂರು ಪುಟ ದಾಟುವಷ್ಟರಲ್ಲಿ, ಒಗಟು ಕೇಳುವ ಮೊದಲೇ ಉತ್ತರ ಸಿಕ್ಕಂತಾಗಿ ಪುಸ್ತಕ ಮುಚ್ಚಿಟ್ಟೆ.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಸರಣಿಯಲ್ಲಿ ಪುಸ್ತಕಗಳು ಆರಾದರೂ ಕಥೆ ಮೂರೇ. ಇ.ಎಲ್. ಜೇಮ್ಸ್ ಮೊದಲು ಬರೆದದ್ದು ಆ್ಯನಸ್ತೇಷಿಯಾ (ಆ್ಯನಾ) ಸ್ಟೀಲ್ ಎಂಬ ಯುವತಿಯ ನಿರೂಪಣೆಯಲ್ಲಿ: ‘ಫಿಫ್ಟಿ ಷೇಡ್ಸ್ ಆಫ್ ಗ್ರೇ’ ಮತ್ತು ‘ಫಿಫ್ಟಿ ಷೇಡ್ಸ್ ಡಾರ್ಕರ್’ 2011ರಲ್ಲಿ, ‘ಫಿಫ್ಟಿ ಷೇಡ್ಸ್ ಫ್ರೀಡ್’ 2012ರಲ್ಲಿ ಬಂದವು. ಅದೇ ಘಟನೆಗಳನ್ನು ಕ್ರಿಶ್ಚಿಯನ್ ಹೇಳುವ ‘ಗ್ರೇ’ 2015ರಲ್ಲಿ, ‘ಡಾರ್ಕರ್’ 2017ರಲ್ಲಿ, ‘ಫ್ರೀಡ್’ 2021ರಲ್ಲಿ ಪ್ರಕಟವಾದವು. ಹೆಸರುಗಳು ಇಷ್ಟು ಹತ್ತಿರವಿರುವುದರಿಂದ ಕೊಳ್ಳುವಾಗ ಎಡವುವುದು ಸುಲಭ. ಮುಖಪುಟದ ಮೇಲೆ ‘ಕ್ರಿಶ್ಚಿಯನ್ ಹೇಳಿದಂತೆ’ ಎಂಬ ಅರ್ಥದ ಸಾಲು ಇದ್ದರೆ ಅದು ಎರಡನೇ ಮೂರು ಪುಸ್ತಕಗಳಿಗೆ ಸೇರಿದ್ದು ಎಂದು ತಿಳಿಯಿರಿ.

ಹಾಗಾಗಿ ಮತ್ತೆ ಮೊದಲಿನಿಂದ ಆರಂಭಿಸಿದೆ, ಈ ಸಲ ಆ್ಯನಾಳ ಜೊತೆಗೆ. ಹುಷಾರು ತಪ್ಪಿದ ಗೆಳತಿಯ ಬದಲಿಗೆ ಕ್ರಿಶ್ಚಿಯನ್ ಗ್ರೇಯ ಸಂದರ್ಶನ ಮಾಡಲು ಹೊರಟ ವಿದ್ಯಾರ್ಥಿನಿ ಅವಳು. ಎದುರಿಗೆ ಕೂರುವವನ ಬಗ್ಗೆ ಅವಳಿಗೆ ಏನೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಈ ಅಜ್ಞಾನವೇ ಮೊದಲ ಪುಸ್ತಕದ ಜೀವ. ತಮ್ಮ ಲೈಂಗಿಕ ಸಂಬಂಧ ಹೇಗಿರಬೇಕೆಂದು ಅವನು ಮುಂದಿಡುವ ಲಿಖಿತ ಒಪ್ಪಂದದ ಕರಾರುಗಳು ಪುಸ್ತಕದಲ್ಲೇ ಅಚ್ಚಾಗಿವೆ. ಯಾವುದಕ್ಕೆ ಒಪ್ಪಿಗೆ, ಯಾವುದು ಖಂಡಿತ ಬೇಡ ಎಂದು ಅವಳು ಒಂದೊಂದನ್ನೇ ಓದಿ ತೂಗುವಾಗ ನಾವೂ ಅವಳ ಪಕ್ಕದಲ್ಲಿ ಕುಳಿತಿರುತ್ತೇವೆ. ಅವಳ ಕುತೂಹಲ ಮತ್ತು ಅಂಜಿಕೆ ಒಂದನ್ನೊಂದು ಜಗ್ಗುವ ಆ ಪುಟಗಳು, ಶಯನದೃಶ್ಯಗಳಿಗಿಂತಲೂ ಹೆಚ್ಚು ಶೃಂಗಾರಮಯ ಎಂಬುದು ನನ್ನ ಅಭಿಪ್ರಾಯ. ಕ್ರಿಶ್ಚಿಯನ್‌ನ ಮನಸ್ಸು ಮೊದಲೇ ತಿಳಿದಿದ್ದರೆ ಆ ಜಗ್ಗಾಟಕ್ಕೆ ಬಲವೇ ಇರುವುದಿಲ್ಲ.

ಮೊದಲ ಪುಸ್ತಕ ಅಗಲಿಕೆಯಲ್ಲಿ ನಿಲ್ಲುತ್ತದೆ. ಎರಡನೆಯದನ್ನು ಕೈಗೆಟುಕುವಂತೆ ಇಟ್ಟುಕೊಂಡೇ ಮೊದಲನೆಯದರ ಕೊನೆಯ ಅಧ್ಯಾಯಕ್ಕೆ ಕೈ ಹಾಕಿ. ಎರಡನೆಯದರ ಕೊನೆಯಲ್ಲೂ ಕತ್ತಲಲ್ಲಿ ನಿಂತು ಹೊಂಚುವವನೊಬ್ಬನಿದ್ದಾನೆ, ಅಲ್ಲಿಯೂ ನಿಲ್ಲಲಾಗುವುದಿಲ್ಲ. ಈ ಕಥೆ ಹುಟ್ಟಿದ್ದು ‘ಟ್ವೈಲೈಟ್’ ಎಂಬ ರಕ್ತಪಿಶಾಚಿ ಪ್ರೇಮಕಥಾ ಸರಣಿಯ ಅಭಿಮಾನದಿಂದ, ಅಂತರ್ಜಾಲದಲ್ಲಿ ಕಂತುಕಂತಾಗಿ ಬರೆದ ಬರಹವಾಗಿ. ಆ ಕಂತಿನ ಗುಣ, ‘ಮುಂದೇನು’ ಎಂದು ಎಳೆಯುವ ಗುಣ, ಪುಸ್ತಕವಾದ ಮೇಲೂ ಉಳಿದಿದೆ. ಮೂರನ್ನೂ ಒಂದೇ ಉಸಿರಿಗೆ ಓದಿದೆ. ಮೂರನೆಯದರ ಕೊನೆಯಲ್ಲಿ ಕಥೆ ಮುಗಿದ ಮೇಲೆ, ಮೊದಲ ಭೇಟಿಯನ್ನು ಕ್ರಿಶ್ಚಿಯನ್ ಕಣ್ಣಿನಿಂದ ತೋರಿಸುವ ಸಣ್ಣ ಭಾಗವೊಂದಿದೆ. ಅದನ್ನು ಬಿಡಬೇಡಿ, ಮುಂದಿನ ಮೂರಕ್ಕೆ ಬಾಗಿಲು ತೆರೆಯುವುದು ಅಲ್ಲಿಯೇ.

ಎರಡು ತಿಂಗಳು ಬಿಟ್ಟು ಎರಡನೇ ಸುತ್ತು ಹಿಡಿದೆ. ಈ ಬಾರಿ ಜೋಡಿಯಾಗಿ: ಆ್ಯನಾಳದೊಂದು, ಕ್ರಿಶ್ಚಿಯನ್‌ದೊಂದು, ಎರಡೂ ಮೇಜಿನ ಮೇಲೆ ತೆರೆದೇ. ‘ಗ್ರೇ’ಯಲ್ಲಿ ಅಧ್ಯಾಯಗಳ ತಲೆಯ ಮೇಲೆ ದಿನಾಂಕಗಳಿವೆ, ಸಂದರ್ಶನದ ದಿನ 2011ರ ಮೇ 9. ಅದಕ್ಕಿಂತಲೂ ಉಪಯೋಗಕ್ಕೆ ಬಂದದ್ದು ಅವರಿಬ್ಬರ ಇಮೇಲ್‌ಗಳು. ಅವು ಎರಡೂ ಪುಸ್ತಕಗಳಲ್ಲಿ ಬರುವುದರಿಂದ, ಎಲ್ಲಿ ಇಮೇಲ್ ಕಂಡರೂ ಅಲ್ಲೊಂದು ಕಾಗದದ ಚೂರು ಸಿಕ್ಕಿಸಿ ಎರಡು ನಿರೂಪಣೆಗಳನ್ನು ಹೊಂದಿಸಿಕೊಂಡೆ.

ಈ ಶ್ರಮಕ್ಕೆ ಹೆಚ್ಚು ಫಲ ಸಿಕ್ಕಿದ್ದು ಎರಡನೇ ಜೋಡಿಯಲ್ಲಿ. ಆ್ಯನಾಳ ಪುಸ್ತಕದಲ್ಲಿ ಕ್ರಿಶ್ಚಿಯನ್‌ನ ಹೆಲಿಕಾಪ್ಟರ್ ಕಾಣೆಯಾದಾಗ ನಾವು ಅವನ ಮನೆಯಲ್ಲಿ, ಅವನ ಕುಟುಂಬದವರ ನಡುವೆ, ಸುದ್ದಿಗಾಗಿ ಕಾಯುತ್ತೇವೆ. ‘ಡಾರ್ಕರ್’ನಲ್ಲಿ ನಾವು ಹೆಲಿಕಾಪ್ಟರ್‌ನ ಒಳಗಿದ್ದೇವೆ. ಮನೆಗೆ ಮರಳಿ ಬಾಗಿಲು ದಾಟಿದಾಗ ಅಷ್ಟು ಜನ ತನಗಾಗಿ ಕಾದಿದ್ದಾರೆ ಎಂಬುದೇ ಅವನಿಗೆ ಅರ್ಥವಾಗುವುದಿಲ್ಲ. ತಾನು ಪ್ರೀತಿಗೆ ತಕ್ಕವನಲ್ಲ ಎಂದು ನಂಬಿದವನ ಗೊಂದಲ ಅದು. ಆ್ಯನಾಳ ಕಾಯುವಿಕೆಯನ್ನು ಮೊದಲು ಓದಿದ್ದರಿಂದಲೇ ನನಗೆ ಅಲ್ಲಿ ಕಣ್ಣು ತುಂಬಿತು.

ಜೋಡಿ ಓದಿನಿಂದ ಅವನ ಮೇಲೆ ಕನಿಕರ ಹೆಚ್ಚಿತು, ಒಂದು ವಿಷಯದಲ್ಲಿ ಕ್ಷಮೆ ಕಡಿಮೆಯಾಯಿತು. ಆ್ಯನಾ ಕುಡಿದು ಕರೆ ಮಾಡಿದಾಗ ಅವನು ಅವಳ ಫೋನಿನ ಜಾಡು ಹಿಡಿದು ಬರುತ್ತಾನೆ. ಅವಳ ಮಾತಿನಲ್ಲಿ ಅದು ಕಾಳಜಿಯಂತೆ ಕೇಳಿಸಿತ್ತು. ಅವನ ಮಾತಿನಲ್ಲಿ ಕಾರಣ ಸ್ಪಷ್ಟವಾದಷ್ಟೂ ಹಕ್ಕು ಚಲಾಯಿಸುವ ಚಟವೂ ಸ್ಪಷ್ಟವಾಗುತ್ತದೆ. ಒಪ್ಪಂದದಲ್ಲಿ ಅಷ್ಟು ಜತನದಿಂದ ಒಪ್ಪಿಗೆ ಕೇಳುವವನು ಒಪ್ಪಂದದ ಹೊರಗೆ ಕೇಳುವುದೇ ಇಲ್ಲ. ಇದು ವಯಸ್ಕರ ಪುಸ್ತಕ. ಓದುವವರು ಈ ವ್ಯತ್ಯಾಸದ ಮೇಲೆ ಕಣ್ಣಿಟ್ಟೇ ಓದಬೇಕು.

ಮೂರನೇ ಜೋಡಿಗೆ ಮಾತ್ರ ಕ್ರಮ ತಿರುವುಮುರುವು ಮಾಡಿದೆ. ಆ್ಯನಾಳ ಪುಸ್ತಕ ಮಧುಚಂದ್ರದಲ್ಲಿ ಶುರುವಾಗುತ್ತದೆ, ಅದರ ಹಿಂದಿನದು ನೆನಪಾಗಿ ಬರುತ್ತದೆ. ಕ್ರಿಶ್ಚಿಯನ್‌ನ ‘ಫ್ರೀಡ್’ ಮದುವೆಯ ಮಾತು ಗಟ್ಟಿಯಾದ ಗಳಿಗೆಯಿಂದಲೇ ಹೊರಡುತ್ತದೆ. ಹಾಗಾಗಿ ಮದುವೆಯವರೆಗೆ ಅವನದನ್ನು ಓದಿ, ಅಲ್ಲಿಂದ ಆ್ಯನಾಳ ಮಧುಚಂದ್ರಕ್ಕೆ ಹೋದೆ. ಮೊದಲ ಓದಿಗೆ ಹೀಗೆ ಮಾಡಬೇಡಿ, ಎರಡನೆಯದಕ್ಕೆ ಮಾಡಿ ನೋಡಿ.

2015, 2017, 2018ರಲ್ಲಿ ಬಂದ ಮೂರು ಸಿನಿಮಾಗಳನ್ನು ಆ್ಯನಾಳ ಮೂರೂ ಪುಸ್ತಕ ಮುಗಿದ ಮೇಲೆ ನೋಡಿದರೆ ಸಾಕು. ಆರನ್ನೂ ಓದಲು ಬಿಡುವಿಲ್ಲ ಎನ್ನುವವರಿಗೆ ನಾನು ಕೊಡುವುದು ನಾಲ್ಕು: ಆ್ಯನಾಳ ಮೂರು, ಆಮೇಲೆ ಕ್ರಿಶ್ಚಿಯನ್‌ನ ‘ಡಾರ್ಕರ್’.