ದಿ ಫಾಲ್ ಬ್ಯಾಂಡಿನ ಚರಿತ್ರೆ ಬಿಡಿಸಿಕೊಳ್ಳುವುದು ಹೇಗೆ?

ಮ್ಯಾಂಚೆಸ್ಟರ್‌ನ ಈ ರಾಕ್ ಬ್ಯಾಂಡಿಗೆ 1976ರಿಂದ 2018ರವರೆಗೆ ಬಂದುಹೋದವರು ಅರವತ್ತಕ್ಕೂ ಹೆಚ್ಚು. ಹೆಸರು ಬಾಯಿಪಾಠ ಮಾಡೋಕೆ ಹೋಗಬೇಡಿ, ತಲೆ ಕೆಡುತ್ತದೆ. ನಾನು ಮಗಳ ಗ್ರಾಫ್ ಪುಸ್ತಕದಲ್ಲಿ ಗೆರೆ ಎಳೆದೆ. ಅಡ್ಡಕ್ಕೆ ವರ್ಷ, ಸಾಲಿಗೊಂದು ವಾದ್ಯ.

ಗಾಯಕ ಮಾರ್ಕ್ ಇ. ಸ್ಮಿತ್ ಗೆರೆ ಮಾತ್ರ ಕೊನೆವರೆಗೂ ತುಂಡಾಗುವುದಿಲ್ಲ. ಬಾಸ್ ಗಿಟಾರ್‌ಗೆ ಸ್ಟೀವ್ ಹ್ಯಾನ್ಲಿ, 1979ರಿಂದ 1998. ಇದನ್ನು ದಪ್ಪ ಮಾಡಿ. ನನ್ನ ಪ್ರಕಾರ ಬ್ಯಾಂಡಿನ ಬೆನ್ನೆಲುಬು ಅವರೇ. ಡ್ರಮ್ಮರ್ ಕಾರ್ಲ್ ಬರ್ನ್ಸ್‌ಗೆ ಪೆನ್ಸಿಲ್ ಸಾಕು, ಹೋಗಿ ಹೋಗಿ ವಾಪಸ್ ಬರುತ್ತಾರೆ! 1998ರಲ್ಲಿ ನ್ಯೂಯಾರ್ಕ್‌ನ ವೇದಿಕೆಯಲ್ಲೇ ಬ್ಯಾಂಡಿನವರ ನಡುವೆ ಜಗಳ. ಅಲ್ಲಿ ಕೆಂಪು ಗೆರೆ.

ಈಗ ಕೇಳುವ ಕೆಲಸ. ಗಿಟಾರ್‌ಗೆ ಬ್ರಿಕ್ಸ್ ಸ್ಮಿತ್ ಬಂದದ್ದು 1983ರಲ್ಲಿ. ಅದಕ್ಕೂ ಮುಂಚಿನ ಆಲ್ಬಮ್ 'ಹೆಕ್ಸ್ ಎಂಡಕ್ಷನ್ ಅವರ್', ಆಮೇಲಿನ 'ದಿಸ್ ನೇಷನ್ಸ್ ಸೇವಿಂಗ್ ಗ್ರೇಸ್' ಎರಡನ್ನೂ ಬೆನ್ನುಬೆನ್ನಿಗೆ ಹಾಕಿ. ಎರಡನೆಯದರಲ್ಲಿ ಗುನುಗುವಂಥ ಹಾಡು ಜಾಸ್ತಿ, ಅಲ್ವಾ?