ಒಂದೇ ಸಲಕ್ಕೆ ಸಾವಿರ ಮಿಲಿಗ್ರಾಂ ಕಬ್ಬಿಣ: ನನ್ನ ಅನುಭವ

ಒಂದೇ ಡ್ರಿಪ್‌ನಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದವರಿಗೆ ಸಾವಿರ ಮಿ.ಗ್ರಾಂ ಕಬ್ಬಿಣ ಏರಿಸುತ್ತೇನೆ ಎಂದಾಗ ಜೊತೆಯವರು ಒಪ್ಪಲಿಲ್ಲ. ತೀವ್ರ ಅಲರ್ಜಿ ತರುತ್ತಿದ್ದ ಹಳೆಯ ಕಬ್ಬಿಣದ ಔಷಧ ಡೆಕ್ಸ್‌ಟ್ರಾನ್ ಕಾಲದ ಭಯ ಅದು. ಈಗ ಅವರೂ ಹೀಗೇ ಕೊಡುತ್ತಿದ್ದಾರೆ.

ಮೊದಲು ಕೈಕೊಟ್ಟದ್ದು ರಕ್ತನಾಳಕ್ಕೆ ಕೊಡುವ ಕಬ್ಬಿಣವಾದ ಐರನ್ ಸುಕ್ರೋಸ್. ಔಷಧ ಒಳ್ಳೆಯದೇ, ಆದರೆ ಸಲಕ್ಕೆ 200 ಮಿ.ಗ್ರಾಂ ಮಾತ್ರ. ಎರಡು ಸುತ್ತಿಗೆ ಸುಸ್ತು ಇಳಿಯುತ್ತದೆ, ಆಮೇಲೆ ರೋಗಿ ಬರುವುದೇ ಇಲ್ಲ. ಆಂಪೂಲ್ ಅಗ್ಗ ನಿಜ; ಪ್ರತಿ ಸಲದ ಕ್ಯಾನುಲಾ, ಡ್ರಿಪ್ ಸೆಟ್, ಹಾಸಿಗೆ, ತಪ್ಪಿದ ಕೂಲಿ ಎಲ್ಲ ಕೂಡಿಸಿದರೆ ದುಬಾರಿ ಎನ್ನಿಸಿದ್ದ, ಸಾವಿರವನ್ನು ಒಂದೇ ಸಲಕ್ಕೆ ಕೊಡಬಹುದಾದ ಫೆರಿಕ್ ಕಾರ್ಬಾಕ್ಸಿಮಾಲ್ಟೋಸೇ ಅಗ್ಗವಾಯಿತು.

ಒಟ್ಟು ಎಷ್ಟು ಕಬ್ಬಿಣ ಬೇಕು ಎಂಬ ಲೆಕ್ಕ, ತೂಕ ಮತ್ತು ಹಿಮೋಗ್ಲೋಬಿನ್ ನೋಡಿ ಹಾಕುವ ಗಾಂಜೋನಿ ಸೂತ್ರದ್ದೇ. 70 ಕೆ.ಜಿ., ಹಿಮೋಗ್ಲೋಬಿನ್ 7, ಗುರಿ 13 ಎಂದರೆ ಸುಮಾರು 1,500 ಮಿ.ಗ್ರಾಂ. ಮೊದಲು 1,000, ವಾರ ಬಿಟ್ಟು 500. ವಯಲ್ (ಔಷಧದ ಸೀಸೆ) ಅರ್ಧ ಉಳಿದು ಹಾಳಾಗುವುದಿಲ್ಲ. ತೂಕ ಕಡಿಮೆ ಇದ್ದವರಿಗೆ ಕೆ.ಜಿ.ಗೆ ಇಷ್ಟು ಎಂಬ ಮಿತಿಯನ್ನು ಲೇಬಲ್ ನೋಡಿಯೇ ಹಿಡಿಯಬೇಕು. ಜ್ವರ, ಸೋಂಕು ಇದ್ದರೆ ಮುಂದೂಡುತ್ತೇನೆ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಕೊಡುವುದಿಲ್ಲ.

1,000 ಮಿ.ಗ್ರಾಂಗೆ ನಾರ್ಮಲ್ ಸಲೈನ್ 250 ಮಿ.ಲೀ. ದಾಟಬಾರದು. "ತೆಳುವಾದರೆ ಸೌಮ್ಯ" ಎಂದು 500ರ ಬಾಟಲಿಗೆ ಹಾಕುವವರಿದ್ದಾರೆ; ಔಷಧದ ದ್ರವವೂ ಸೇರಿ ಅದು ಮಿ.ಲೀ.ಗೆ 2 ಮಿ.ಗ್ರಾಂಗಿಂತ ತುಸು ಕೆಳಗಿಳಿಯುತ್ತದೆ, ಹಾಗಾದರೆ ದ್ರಾವಣದ ಸ್ಥಿರತೆಗೆ ಖಾತ್ರಿಯಿಲ್ಲ. ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಡ್ರಿಪ್) ಬೇಡವೇ ಬೇಡ. ಹದಿನೈದು ನಿಮಿಷ ಸಾಕು ಎನ್ನುತ್ತಾರೆ, ನಾನು ಅರ್ಧ ಗಂಟೆ ತೆಗೆದುಕೊಳ್ಳುತ್ತೇನೆ, ಮೊದಲ ಐದು ನಿಮಿಷ ತೀರಾ ನಿಧಾನ. ಮುಗಿದ ಮೇಲೆ ಇನ್ನರ್ಧ ಗಂಟೆ ಕೂರಿಸುತ್ತೇನೆ.

ಮುಖ ಕೆಂಪಾಗಿ ಎದೆ, ಬೆನ್ನು ಬಿಗಿದರೆ ಗಾಬರಿ ಬೇಡ. ಬಿ.ಪಿ. ಸರಿಯಿದ್ದು, ಉಬ್ಬಸವಾಗಲಿ ಊತವಾಗಲಿ ಇಲ್ಲದಿದ್ದರೆ ಅದು ಅಲರ್ಜಿಯಲ್ಲದ, ತಾತ್ಕಾಲಿಕ ಫಿಶ್‌ಬೇನ್ ಪ್ರತಿಕ್ರಿಯೆ. ನಿಲ್ಲಿಸಿ, ತಾನಾಗಿ ಇಳಿದ ಮೇಲೆ ಅರ್ಧ ವೇಗದಲ್ಲಿ ಮತ್ತೆ ಹಚ್ಚಿ. ಆಗ ನಿದ್ದೆ ತರಿಸುವ ಆಂಟಿಹಿಸ್ಟಮಿನ್ (ಅಲರ್ಜಿಯ ಔಷಧ) ಚುಚ್ಚಿದರೆ ಬಿ.ಪಿ. ಇಳಿದು, ದೋಷ ಕಬ್ಬಿಣದ ಮೇಲೆ ಬರುತ್ತದೆ. ನಿಜವಾದ, ಜೀವಕ್ಕೇ ಎರವಾಗುವ ಅಲರ್ಜಿ, ಅಂದರೆ ಅನಾಫಿಲ್ಯಾಕ್ಸಿಸ್‌ಗೆ ಅಡ್ರಿನಾಲಿನ್ 0.5 ಮಿ.ಗ್ರಾಂ ತೊಡೆಯ ಸ್ನಾಯುವಿಗೆ. ಅದು ಕೈಗೆಟಕುವಲ್ಲೇ ಇರಲಿ.

ನನಗೆ ಹೆಚ್ಚು ಭಯ ಸೋರಿಕೆಯದು. ಚರ್ಮದಡಿ ಸೋರಿದರೆ ಕಂದು ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಮೊಣಕೈ ಮಡಿಕೆ ಬಿಟ್ಟು ಮುಂಗೈಯ ನೇರ ರಕ್ತನಾಳ ಹಿಡಿಯಿರಿ, ಮೊದಲೂ ಕೊನೆಗೂ ಸಲೈನ್ ಹಾಯಿಸಿ, ಉರಿ ಎಂದ ತಕ್ಷಣ ನಿಲ್ಲಿಸಿ. ಸಣ್ಣ ರಕ್ತನಾಳದವರಿಗೆ ಕ್ಯಾನುಲಾ ಕದಲದಂತೆ ಪಟ್ಟಿ ಹಾಕುವ ನನ್ನದೊಂದು ರೀತಿಯಿದೆ. ಅದನ್ನು ಪಕ್ಕದಲ್ಲಿ ನಿಂತವರಿಗಷ್ಟೇ ತೋರಿಸುತ್ತೇನೆ.

ಮತ್ತೆ ಮತ್ತೆ ಡೋಸ್ ಬೇಕಾದವರಲ್ಲಿ ರಕ್ತದ ಫಾಸ್ಫೇಟ್ ನೋಡುವ ಅಭ್ಯಾಸ ಮಾಡಿಕೊಂಡೆ. ಹಿಮೋಗ್ಲೋಬಿನ್ ಏರಿದರೂ ಮೈಕೈ ನೋವು, ನಿತ್ರಾಣ ಎಂದವರಲ್ಲಿ ಕೆಲವೊಮ್ಮೆ ಕಾರ್ಬಾಕ್ಸಿಮಾಲ್ಟೋಸ್‌ನಿಂದ ಫಾಸ್ಫೇಟ್ ಕುಸಿದಿರುತ್ತದೆ. ಅಂಥವರಿಗೆ ಇನ್ನೊಂದು ಕಬ್ಬಿಣದ ಔಷಧ ಡೆರಿಸೋಮಾಲ್ಟೋಸ್ ವಾಸಿ.

ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ನಾಲ್ಕು ವಾರದೊಳಗೆ ಮಾಡಿಸಬೇಡಿ, ಸುಳ್ಳು ಎತ್ತರ ತೋರಿಸುತ್ತದೆ. ಅಷ್ಟರಲ್ಲಿ ಹಿಮೋಗ್ಲೋಬಿನ್ ಹೆಚ್ಚುಕಡಿಮೆ 2 ಏರಿರಬೇಕು. ಏರದಿದ್ದರೆ ಇನ್ನೊಂದು ವಯಲ್ ಒಡೆಯುವ ಮೊದಲು ರಕ್ತ ಎಲ್ಲಿ ಹೋಗುತ್ತಿದೆ ಹುಡುಕಿ, ಬಿ12 ನೋಡಿ.