ಎಡಕ್ಕೆ ಹಾಕಿದರೆ ನಾಲ್ಕೂ ಇಂಡಿಕೇಟರ್ ಮಿನುಗುತ್ತಿದ್ದವು

ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಮಳೆಗಾಲದಲ್ಲಿ ಹೋದವರಿಗೆ ಆ ಮಂಜು ಗೊತ್ತು. ಹಿಂದೆ ಬರುವ ಲಾರಿಯವರಿಗೆ ಚೆನ್ನಾಗಿ ಕಾಣಲಿ ಅಂತ ನನ್ನ ಹಳೆ ಬೈಕಿಗೆ ಎಲ್‌ಇಡಿ ಇಂಡಿಕೇಟರ್ ಹಾಕಿದೆ.

ಮೊದಲು ಸಿಕ್ಕಾಪಟ್ಟೆ ವೇಗವಾಗಿ ಮಿನುಗಿದವು. ಹಳೆ ಬಲ್ಬ್ 10 ವ್ಯಾಟ್, ಎಲ್‌ಇಡಿಗೆ ಒಂದೆರಡು ವ್ಯಾಟ್ ಸಾಕು. ಇಂಡಿಕೇಟರ್ ಮಿನುಗಿಸುವ ಹಳೆ ಫ್ಲಾಶರ್‌ಗೆ ಈ ಲೋಡ್ ಸಾಲದು, ಅದಕ್ಕೇ ಆ ವೇಗ. ಲೋಡ್ ಹೆಚ್ಚಿಸಲು ರೆಸಿಸ್ಟರ್ ಹಾಕಬಹುದು, ಆದರೆ ಅದು ಸುಮ್ನೆ ಬಿಸಿಯಾಗುತ್ತದೆ. ಹಾಸನದಿಂದ ಎಲ್‌ಇಡಿ ಫ್ಲಾಶರ್ ತಂದೆ, ಸರಿಹೋಯಿತು.

ನಿಜವಾದ ತಲೆನೋವು ಆಮೇಲೆ. ಎಡಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತಿದ್ದವು! ಎರಡು ಸಂಜೆ ವೈರ್ ಹುಡುಕಿದೆ. ಕಾರಣ, ಇಂಡಿಕೇಟರ್ ಹಾಕಿದ್ದನ್ನು ತೋರಿಸಲು ಮೀಟರ್‌ನಲ್ಲಿದ್ದ ಒಂದೇ ಸಣ್ಣ ಬಲ್ಬ್. ಅದರ ಒಂದು ವೈರ್ ಎಡಕ್ಕೆ, ಇನ್ನೊಂದು ಬಲಕ್ಕೆ. ಕರೆಂಟ್ ಅದರ ಮೂಲಕ ಆ ಕಡೆಗೂ ದಾಟುತ್ತದೆ. ದೊಡ್ಡ ಬಲ್ಬ್ ಹೊತ್ತಿಸಲು ಅಷ್ಟು ಸಾಲದು, ಎಲ್‌ಇಡಿಗೆ ಧಾರಾಳ ಸಾಕು, ಅಲ್ವಾ?

ಎರಡು 1ಎನ್4007 ಡಯೋಡ್ ತಂದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಎಡದ ವೈರ್‌ಗೊಂದು, ಬಲದ್ದಕ್ಕೊಂದು. ಬೆಳ್ಳಿ ಗೆರೆ ಇರುವ ತುದಿಗಳನ್ನು ಕೂಡಿಸಿ ಮೀಟರ್ ಬಲ್ಬಿನ ಒಂದು ಕಡೆಗೆ ಕೊಟ್ಟೆ. ಬಲ್ಬಿನ ಇನ್ನೊಂದು ಕಡೆ ಅರ್ಥ್‌ಗೆ. ನಮ್ಮ ಮಳೆಗೆ ಬರೀ ಟೇಪ್ ತಡೆಯುವುದಿಲ್ಲ, ಬೆಸುಗೆ ಹಾಕಿ ಸ್ಲೀವ್ ಏರಿಸಿದೆ. ಈಗ ಎಡ ಅಂದರೆ ಎಡವೇ.